ಬೆಳಕು ಕಡಿಮೆ ಇರುವ ಮೂಲೆಗೆ ಯಾವ ಗಿಡ?

ಗಿಡ ತರುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮಧ್ಯಾಹ್ನ 12ರ ಹೊತ್ತಿಗೆ ದೀಪಗಳನ್ನೆಲ್ಲ ಆರಿಸಿ, ಗಿಡ ಇಡಬೇಕೆಂದಿರುವ ಜಾಗದಲ್ಲಿ ಒಂದು ಬಿಳಿ ಹಾಳೆ ಇಡಿ. ಹಾಳೆಯಿಂದ ಒಂದಡಿ ಮೇಲೆ ಕೈ ಚಾಚಿ. ಐದೂ ಬೆರಳು ಎಣಿಸುವ ಹಾಗೆ ನೆರಳು ಬಿದ್ದರೆ ಅಲ್ಲಿ ಬೆಳಕು ಬೇಕಾದಷ್ಟಿದೆ, ಈ ಬರಹ ನಿಮಗೆ ಬೇಕಿಲ್ಲ. ಕೈಯ ಆಕಾರ ಗೊತ್ತಾಗುತ್ತದೆ, ಆದರೆ ಅಂಚೆಲ್ಲ ಮಸುಕು ಅಂದರೆ ಮಧ್ಯಮ. ನೆರಳು ಇದೆಯೋ ಇಲ್ಲವೋ ಅನ್ನುವ ಹಾಗಿದ್ದರೆ ಅದೇ ಕಡಿಮೆ ಬೆಳಕು. ನೆರಳೇ ಬೀಳಲಿಲ್ಲವಾ? ಅಲ್ಲಿಗೆ ಗಿಡ ಬೇಡ. ಒಂದು ಚಿತ್ರ ತೂಗುಹಾಕಿ, ಚೆನ್ನಾಗಿ ಕಾಣುತ್ತದೆ.

"ಇಲ್ಲಿ ಬೆಳಕು ಚೆನ್ನಾಗೇ ಇದೆಯಲ್ಲ" ಅಂತ ಕಣ್ಣು ಹೇಳುತ್ತದೆ. ಅದನ್ನು ನಂಬಬೇಡಿ. ಮಬ್ಬಿಗೆ ಹೋದರೆ ಕಣ್ಣು ತಾನೇ ಹೊಂದಿಕೊಳ್ಳುತ್ತದೆ, ನಮಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಬಯಲಲ್ಲಿ ಸುಮಾರು 1,00,000 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕಿರುತ್ತದೆ. ಅದೇ ಹೊತ್ತಿನಲ್ಲಿ ಸೋಫಾದ ಹಿಂದಿನ ಮೂಲೆಯಲ್ಲಿ 100ರಿಂದ 300 ಲಕ್ಸ್ ಸಿಕ್ಕರೆ ಹೆಚ್ಚು. ಕಿಟಕಿಯಿಂದ ಎರಡೇ ಹೆಜ್ಜೆ ಒಳಗೆ ಬಂದರೂ ಬೆಳಕು ದಡದಡ ಇಳಿದುಬಿಡುತ್ತದೆ. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್‌ಗಳಿವೆ. ಕರಾರುವಾಕ್ಕಾಗಿ ಅಳೆಯುವುದಿಲ್ಲ, ಆದರೆ ಎರಡು ಜಾಗಗಳನ್ನು ಹೋಲಿಸಲು ಧಾರಾಳ ಸಾಕು. ದಿನದ ಹೆಚ್ಚು ಹೊತ್ತು 250ರಿಂದ 1,000 ಲಕ್ಸ್ ಇರುವ ಜಾಗವನ್ನು ಈ ಬರಹದಲ್ಲಿ ಕಡಿಮೆ ಬೆಳಕು ಅಂತ ಕರೆಯುತ್ತಿದ್ದೇನೆ.

ಇನ್ನೊಂದು ಮಾತು. "ಕಡಿಮೆ ಬೆಳಕಿನ ಗಿಡಗಳು" ಅಂತ ಸಿಗುವ ಪಟ್ಟಿಗಳಲ್ಲಿ ಎರಡು ಜಾತಿಯ ಗಿಡಗಳು ಬೆರೆತುಹೋಗಿರುತ್ತವೆ. ಮೊದಲನೆಯವು ಒಣನೆಲದವು. ಗಡ್ಡೆಯಲ್ಲೋ ದಪ್ಪ ಎಲೆಯಲ್ಲೋ ಕೂಡಿಟ್ಟುಕೊಂಡಿದ್ದನ್ನು ಖರ್ಚು ಮಾಡುತ್ತಾ ತಿಂಗಳುಗಟ್ಟಲೆ ಕತ್ತಲಲ್ಲಿ ನಿಂತಿರುತ್ತವೆ. ನೋಡಿದವರಿಗೆ ಬದುಕಿರುವ ಹಾಗೆ ಕಾಣುತ್ತದೆ, ನಿಜಕ್ಕೂ ಗಂಟು ಕರಗುತ್ತಿರುತ್ತದೆ. ಎರಡನೆಯವು ದಟ್ಟ ಕಾಡಿನ ನೆಲದಲ್ಲಿ ಹುಟ್ಟಿದವು. ಅಂಥ ಕಾಡಿನಲ್ಲಿ ಮರಗಳ ನೆತ್ತಿಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೋ ಎರಡೋ ಪಾಲು ಮಾತ್ರ ನೆಲಕ್ಕಿಳಿಯುತ್ತದೆ. ಅಷ್ಟರಲ್ಲೇ ಸಂಸಾರ ಮಾಡುವುದು ಅವುಗಳಿಗೆ ಗೊತ್ತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಆಯ್ಕೆ ತಪ್ಪುತ್ತದೆ.

ಝೀಝೀನಾ, ಸ್ನೇಕ್ ಪ್ಲಾಂಟಾ?

ಎಲ್ಲರೂ ಮೊದಲು ಹೇಳುವ ಹೆಸರುಗಳು ಇವೇ ಎರಡು. ಎರಡೂ ಆಫ್ರಿಕಾದವು. ಝೀಝೀ ಪ್ಲಾಂಟ್ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಕಡೆಯದು, ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ್ದು. ಎರಡೂ ಮೇಲೆ ಹೇಳಿದ ಮೊದಲನೇ ಜಾತಿ, ಅಂದರೆ ಗಂಟು ಕಟ್ಟಿಟ್ಟವು. ಝೀಝೀಯನ್ನು ಕುಂಡದಿಂದ ಎತ್ತಿ ನೋಡಿದರೆ ಬುಡದಲ್ಲಿ ಆಲೂಗಡ್ಡೆ ಥರದ ಗಡ್ಡೆಗಳು ಕಾಣುತ್ತವೆ. ನೀರಿನ ದಾಸ್ತಾನು ಅದೇ. ಸ್ನೇಕ್ ಪ್ಲಾಂಟ್ ದಪ್ಪ ಎಲೆಯಲ್ಲೇ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಹಾಗಾದರೆ ಮಬ್ಬು ಮೂಲೆಗೆ ಯಾವುದು? ನನ್ನ ಓಟು ಝೀಝೀಗೆ. ಸ್ನೇಕ್ ಪ್ಲಾಂಟ್ ನಿಜಕ್ಕೂ ಬಿಸಿಲು ಬಯಸುವ ಗಿಡ, ನೆರಳನ್ನು ಸಹಿಸಿಕೊಳ್ಳುತ್ತದೆ ಅಷ್ಟೆ. ಕಿಟಕಿ ಪಕ್ಕ ಇಟ್ಟರೆ ಹೊಸ ಎಲೆಗಳು ಅಗಲವಾಗಿ, ಗಟ್ಟಿಯಾಗಿ ಬರುತ್ತವೆ. ಮೂಲೆಯಲ್ಲಿ ಇಟ್ಟರೆ ಬಂದ ಒಂದೆರಡು ಎಲೆಯೂ ಸಣಕಲಾಗಿ ವಾಲಿಕೊಳ್ಳುತ್ತವೆ. ಝೀಝೀಯ ಬೆಳವಣಿಗೆಯೂ ಕುಂಟುತ್ತದೆ, ಆದರೆ ಇದ್ದ ರೂಪ ಕೆಡುವುದಿಲ್ಲ. ಎಲೆಯ ಹೊಳಪೂ ಹಾಗೇ ಉಳಿಯುತ್ತದೆ. ಜಾಗ ಕಿರಿದಾಗಿದ್ದರೆ ಮಾತ್ರ ಲೆಕ್ಕ ಬೇರೆ. ಝೀಝೀ ಸುತ್ತಲೂ ಕೈ ಚಾಚುತ್ತದೆ. ಸ್ನೇಕ್ ಪ್ಲಾಂಟ್ ನೆಟ್ಟಗೆ ನಿಲ್ಲುತ್ತದೆ, ಬಾಗಿಲ ಸಂದಿಯಲ್ಲೂ ಹಿಡಿಯುತ್ತದೆ.

ಇವೆರಡನ್ನೂ ಕೊಲ್ಲುವುದು ಕತ್ತಲಲ್ಲ, ನೀರು. ನಾನೂ ಒಂದು ಝೀಝೀಯನ್ನು ಹೀಗೇ ಕಳೆದುಕೊಂಡೆ. ಪ್ರತಿ ಭಾನುವಾರ ತಪ್ಪದೆ ಒಂದು ಲೋಟ ನೀರು ಹಾಕುತ್ತಿದ್ದೆ. ಮೂರು ತಿಂಗಳಾದ ಮೇಲೆ ಒಂದು ಕಡ್ಡಿ ಹಳದಿಯಾಗಿ ವಾಲಿತು. ಬಾಯಾರಿಕೆ ಇರಬೇಕು ಅಂತ ಇನ್ನೊಂದು ಲೋಟ ಹಾಕಿದೆ. ಎಳೆದರೆ ಕಡ್ಡಿ ಸಲೀಸಾಗಿ ಕೈಗೆ ಬಂತು, ಕೆಳಗಿನ ಗಡ್ಡೆ ಕೊಳೆತು ಮೆತ್ತಗಾಗಿತ್ತು. ಕಾರಣ ಸರಳ. ಬೆಳಕು ಕಡಿಮೆಯಾದರೆ ಎಲೆಯ ಕೆಲಸ ಕಡಿಮೆ, ಎಲೆಯ ಕೆಲಸ ಕಡಿಮೆಯಾದರೆ ಬೇರು ಎಳೆಯುವ ನೀರೂ ಕಡಿಮೆ. ಮಣ್ಣು ಒಣಗುವುದೇ ಇಲ್ಲ. ಸದಾ ಒದ್ದೆ ಇರುವ ಮಣ್ಣಿನಲ್ಲಿ ಗಾಳಿ ಆಡುವುದಿಲ್ಲ, ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಬಿಸಿಲಿನ ಕಿಟಕಿಯಲ್ಲಿ ವಾರಕ್ಕೊಮ್ಮೆ ನೀರು ಕೇಳುವ ಗಿಡವೇ ಮೂಲೆಗೆ ಬಂದರೆ ಮೂರು ವಾರಕ್ಕೊಮ್ಮೆ ಸಾಕು ಅನ್ನಬಹುದು. ವಾರ ಎಣಿಸಬೇಡಿ, ಕುಂಡ ಎತ್ತಿ ತೂಕ ನೋಡಿ. ಮಣ್ಣು ಪೂರ್ತಿ ಒಣಗಿದರೆ ಕುಂಡ ಹಗುರಾಗಿರುತ್ತದೆ. ಆಗ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಝೀಝೀಯಾಗಲಿ ಸ್ನೇಕ್ ಪ್ಲಾಂಟಾಗಲಿ, ಒಂದು ತಿಂಗಳು ಮರೆತರೂ ಏನೂ ಆಗುವುದಿಲ್ಲ.

ಅಂದಹಾಗೆ, ಸ್ನೇಕ್ ಪ್ಲಾಂಟ್ ರಾತ್ರಿಯೆಲ್ಲ ಆಮ್ಲಜನಕ ಬಿಡುತ್ತದೆ, ಮಲಗುವ ಕೋಣೆಗೆ ಒಳ್ಳೆಯದು ಅಂತ ಹೇಳುವುದನ್ನು ಕೇಳಿರುತ್ತೀರಿ. ಅರ್ಧ ಸತ್ಯ ಅದು. ಒಣನೆಲದ ಗಿಡವಾದ್ದರಿಂದ ನೀರು ಉಳಿಸಲು ಅದು ಎಲೆಯ ರಂಧ್ರಗಳನ್ನು ರಾತ್ರಿ ತೆರೆಯುತ್ತದೆ, ಇಂಗಾಲದ ಡೈಆಕ್ಸೈಡನ್ನು ಆಗ ಒಳಗೆ ತೆಗೆದುಕೊಳ್ಳುತ್ತದೆ. ಆದರೆ ಗಿಡದಲ್ಲಿ ಆಮ್ಲಜನಕ ಹುಟ್ಟುವುದು ಬೆಳಕಿದ್ದಾಗ ಮಾತ್ರ. ಮನೆಯೊಳಗಿನ ಗಿಡ ಗಾಳಿಯನ್ನು ಶುದ್ಧ ಮಾಡುತ್ತದೆ ಅನ್ನುವ ಕಥೆಯೂ ಅಷ್ಟೇ. 1989ರಲ್ಲಿ ನಾಸಾ ಮಾಡಿದ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಹಳೆಯ ಪ್ರಯೋಗಗಳ ಅಂಕಿಗಳನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ ಲೆಕ್ಕ ಹಾಕಿದವರು, ಕಟ್ಟಡದಲ್ಲಿ ಮಾಮೂಲಾಗಿ ಆಡುವ ಗಾಳಿಗೆ ಸರಿಗಟ್ಟಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಅಂದರು. ಹಾಗಾಗಿ ಗಿಡ ಆರಿಸುವಾಗ ಗಾಳಿಯ ಲೆಕ್ಕ ಬಿಡಿ. ಕಿಟಕಿ ತೆರೆದರೆ ಮುಗಿಯಿತು.

ಬಳ್ಳಿ ಬೇಕೆನ್ನುವವರಿಗೆ

ಶೆಲ್ಫಿನಿಂದ ಇಳಿಬೀಳುವ ಬಳ್ಳಿ ಅಂದರೆ ಮನಿ ಪ್ಲಾಂಟ್ ಅಥವಾ ಹೃದಯದಾಕಾರದ ಎಲೆಯ ಫಿಲೋಡೆಂಡ್ರಾನ್. ಇವೆರಡನ್ನೂ ಅದಲುಬದಲು ಮಾಡಿ ಕೊಡುವವರಿದ್ದಾರೆ. ಗುರುತು ಹಿಡಿಯುವುದು ಸುಲಭ. ಮನಿ ಪ್ಲಾಂಟಿನ ಎಲೆ ದಪ್ಪ, ತೊಟ್ಟಿನ ಮೇಲೆ ಉದ್ದಕ್ಕೂ ಒಂದು ಕಾಲುವೆಯಂಥ ಗೀರು. ಫಿಲೋಡೆಂಡ್ರಾನಿನ ಎಲೆ ತೆಳು, ಮೆದು. ಅದರ ಹೊಸ ಚಿಗುರು ಒಂದು ತೆಳುವಾದ ಪೊರೆಯೊಳಗಿಂದ ಹೊರಬರುತ್ತದೆ, ಆಮೇಲೆ ಆ ಪೊರೆ ಒಣಗಿ ಉದುರುತ್ತದೆ. ಮನಿ ಪ್ಲಾಂಟಿಗೆ ಈ ಪೊರೆ ಇಲ್ಲ.

ಮಬ್ಬಿನಲ್ಲಿ ಎರಡೂ ಬೆಳೆಯುತ್ತವೆ. ಆದರೆ ಎಲೆಯಿಂದ ಎಲೆಗೆ ದೂರ ಜಾಸ್ತಿಯಾಗುತ್ತದೆ, ಬರೀ ಹಗ್ಗ ಇಳಿಬಿಟ್ಟ ಹಾಗೆ ಕಾಣುತ್ತದೆ. ಆಗ ತುದಿ ಚಿವುಟಿ, ಗಿಣ್ಣು ಇರುವ ತುಂಡುಗಳನ್ನು ನೀರಲ್ಲಿಟ್ಟು ಬೇರು ಬರಿಸಿ, ಅದೇ ಕುಂಡಕ್ಕೆ ನೆಟ್ಟರೆ ಬುಡ ಮತ್ತೆ ತುಂಬಿಕೊಳ್ಳುತ್ತದೆ. ನೀರು ಮರೆಯುವ ಕೈಗೆ ಮನಿ ಪ್ಲಾಂಟ್ ವಾಸಿ, ಅದರ ಎಲೆ ಒಂದಷ್ಟು ದಿನ ತಡೆಯುತ್ತದೆ. ನೆರಳಲ್ಲೂ ಒತ್ತೊತ್ತಾಗಿ, ಹಸಿರಾಗಿ ಕಾಣಬೇಕು ಅಂದರೆ ಫಿಲೋಡೆಂಡ್ರಾನ್ ಒಂದು ಕೈ ಮೇಲು.

ಬಳ್ಳಿ ಆರಿಸುವಾಗ ಜನ ಎಡವುವುದು ಬಣ್ಣದಲ್ಲಿ. ಬಿಳಿ ಮಚ್ಚೆ, ಹಳದಿ ಪಟ್ಟೆ ಇರುವ ಮನಿ ಪ್ಲಾಂಟ್ ಕಣ್ಣಿಗೆ ಚೆಂದ, ಒಪ್ಪುತ್ತೇನೆ. ಆದರೆ ಬಿಳಿ ಇರುವ ಕಡೆ ಪತ್ರಹರಿತ್ತು ಇಲ್ಲ, ಆ ಭಾಗ ಅಡುಗೆ ಮಾಡುವುದಿಲ್ಲ. ಅರ್ಧ ಎಲೆ ದುಡಿದು ಪೂರ್ತಿ ಎಲೆಯನ್ನು ಸಾಕಬೇಕು. ಬೆಳಕು ಸಾಲದಿದ್ದರೆ ಬಳ್ಳಿ ಕ್ರಮೇಣ ಹಸಿರು ಎಲೆಗಳನ್ನೇ ಜಾಸ್ತಿ ಬಿಡುತ್ತದೆ. ಆರು ತಿಂಗಳಲ್ಲಿ ನೀವು ಮೆಚ್ಚಿ ತಂದ ಮಚ್ಚೆ ಮಾಯವಾಗಿರಬಹುದು. ಮೂಲೆಗೆ ಅಂತಲೇ ತರುವುದಾದರೆ ಮೊದಲಿಂದಲೇ ಅಚ್ಚ ಹಸಿರಿನದು ತನ್ನಿ. ಈ ಮಾತು ಬಳ್ಳಿಗಷ್ಟೇ ಅಲ್ಲ, ಒಂದೇ ಗಿಡದ ಎರಡು ಬಣ್ಣಗಳ ನಡುವೆ ಆರಿಸುವಾಗಲೆಲ್ಲ ಅನ್ವಯಿಸುತ್ತದೆ.

ಮನಿ ಪ್ಲಾಂಟ್ ಹೂ ಬಿಟ್ಟದ್ದನ್ನು ನೀವು ನೋಡಿದ್ದೀರಾ? ನೋಡಿರುವುದಿಲ್ಲ. ತಾನಾಗೇ ಹೂ ಬಿಟ್ಟ ದಾಖಲೆ ಕೊನೆಯದಾಗಿ ಇರುವುದು 1964ರದ್ದು. ಹೂವಿಗೆ ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಸರಿಯಾಗಿ ಮಾಡಿಕೊಳ್ಳಲು ಈ ಬಳ್ಳಿಗೆ ಆಗುವುದಿಲ್ಲ. ಪೆಸಿಫಿಕ್ ಸಾಗರದ ಮೊರೇಯಾ ಎಂಬ ಒಂದು ದ್ವೀಪದಿಂದ ಹೊರಟು, ಹೂವು ಬೀಜದ ಹಂಗಿಲ್ಲದೆ, ಬರೀ ತುಂಡು ತುಂಡಾಗಿ ಕೈಯಿಂದ ಕೈಗೆ ದಾಟಿ ಲೋಕವೆಲ್ಲ ಹರಡಿದೆ. ಪಕ್ಕದ ಮನೆಯಿಂದ ಒಂದು ಗಿಣ್ಣು ಕೇಳಿ ತರಲು ನಾಚಿಕೆ ಬೇಡ ಅಂತ ಹೇಳಿದೆ ಅಷ್ಟೆ.

ಹೂವಿನ ಆಸೆ: ಪೀಸ್ ಲಿಲಿ ಮತ್ತು ಅಗ್ಲೋನಿಮಾ

"ನೆರಳಲ್ಲಿ ಹೂ ಬಿಡುವ ಗಿಡ" ಅಂತ ಪೀಸ್ ಲಿಲಿಯನ್ನು ಕೊಡುತ್ತಾರೆ. ತಂದಾಗ ಏಳೆಂಟು ಬಿಳಿ ಹೂ ಇರುತ್ತದೆ. ಅವು ಬಾಡಿದ ಮೇಲೆ ವರ್ಷವಾದರೂ ಒಂದೂ ಬರುವುದಿಲ್ಲ. ನಿಮ್ಮ ಕೈಗುಣ ಕೆಟ್ಟದ್ದು ಅಂತ ಅಂದುಕೊಳ್ಳಬೇಡಿ. ಮಾರಾಟಕ್ಕೆ ಬೆಳೆಯುವವರು ಮೇಲೆ ಹೇಳಿದ ಅದೇ ಜಿಬ್ಬರೆಲಿನ್ ಸಿಂಪಡಿಸಿ ಎಲ್ಲ ಗಿಡಗಳಲ್ಲೂ ಒಟ್ಟಿಗೆ ಹೂ ಬರಿಸುತ್ತಾರೆ. ಮನೆಯ ಮೂಲೆಯಲ್ಲಿ ಆ ಔಷಧಿಯೂ ಇಲ್ಲ, ಅಷ್ಟು ಬೆಳಕೂ ಇಲ್ಲ. ಕಡಿಮೆ ಬೆಳಕಿನಲ್ಲಿ ಪೀಸ್ ಲಿಲಿ ಅಂದರೆ ಒಳ್ಳೆಯ ಎಲೆಗಿಡ ಅಂತ ತಿಳಿದು ತಂದರೆ ಬೇಜಾರಾಗುವುದಿಲ್ಲ.

ಅದರ ಒಂದು ಗುಣ ನನಗೆ ಇಷ್ಟ. ನೀರು ಬೇಕಾದಾಗ ಬಾಯಿಬಿಟ್ಟು ಹೇಳುತ್ತದೆ. ಎಲೆಗಳೆಲ್ಲ ಸೋತು ಕುಂಡದ ಅಂಚಿಗೆ ಬಿದ್ದುಬಿಡುತ್ತವೆ. ನೀರು ಹಾಕಿದರೆ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. ಹಾಗಂತ ಪ್ರತಿ ಸಲ ಬೀಳಿಸಿ ಎಬ್ಬಿಸುವುದೂ ಸರಿಯಲ್ಲ, ಎಲೆಯ ತುದಿ ಕಂದಾಗುತ್ತದೆ, ಕೆಳಗಿನ ಎಲೆಗಳು ಹಳದಿಯಾಗುತ್ತವೆ. ಸ್ವಲ್ಪ ಜೋಲುವ ಲಕ್ಷಣ ಕಂಡಾಗಲೇ ನೀರು ಹಾಕಿ.

ಅಗ್ಲೋನಿಮಾ ಏಷ್ಯಾದ ಉಷ್ಣವಲಯದ ಕಾಡುನೆಲದ್ದು, ಮೇಲೆ ಹೇಳಿದ ಎರಡನೇ ಜಾತಿ. ನೀರಿನ ವಿಷಯದಲ್ಲಿ ಪೀಸ್ ಲಿಲಿಗಿಂತ ತಾಳ್ಮೆ ಹೆಚ್ಚು, ಮಣ್ಣಿನ ಮೇಲಿನ ಎರಡಿಂಚು ಒಣಗಿದ ಮೇಲೆ ಹಾಕಿದರಾಯಿತು. ಹೂ ಲೆಕ್ಕಕ್ಕಿಲ್ಲ. ಎಲೆಯ ಮೇಲಿನ ಬೆಳ್ಳಿ ಬಣ್ಣದ ಚಿತ್ತಾರವೇ ಅದರ ಸೊಬಗು. ಎಲೆಯಲ್ಲಿ ಹಸಿರು, ಬೂದು, ಬೆಳ್ಳಿ ಇರುವ ತಳಿಗಳು ನೆರಳನ್ನು ತಡೆಯುತ್ತವೆ. ಕೆಂಪು, ಗುಲಾಬಿ ತಳಿಗಳು ಹಾಗಲ್ಲ. ಅವಕ್ಕೆ ಕಿಟಕಿ ಹತ್ತಿರದ ಬೆಳಕು ಬೇಕು, ಇಲ್ಲದಿದ್ದರೆ ಬಣ್ಣ ಮಂಕಾಗುತ್ತದೆ. ಎರಡನ್ನೂ ಒಂದೇ ಹೆಸರಿನಲ್ಲಿ, ಅಕ್ಕಪಕ್ಕದಲ್ಲಿ ಇಟ್ಟು ಮಾರುತ್ತಾರೆ ಅಲ್ವಾ, ಅಲ್ಲೇ ಗೊಂದಲ. ಚಳಿ ಮಾತ್ರ ಇದಕ್ಕೆ ಆಗದು. ತಾಪಮಾನ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದ ಜಾಗ ನೋಡಿ, ಏಸಿಯ ಗಾಳಿ ನೇರ ಬಡಿಯುವ ಕಡೆ ಇಡಬೇಡಿ.

ನೀರು ಹಾಕುತ್ತಲೇ ಇರಬೇಕು ಅನ್ನಿಸುವ ಕೈ ನಿಮ್ಮದಾಗಿದ್ದರೆ ಪೀಸ್ ಲಿಲಿ. ಅಷ್ಟಿಷ್ಟು ಗಮನ ಕೊಡುವವರಿಗೆ ಅಗ್ಲೋನಿಮಾ. ಎರಡರಲ್ಲಿ ಒಂದೇ ಅಂದರೆ ನಾನು ಅಗ್ಲೋನಿಮಾ ತರುತ್ತೇನೆ.

ಬೆಕ್ಕು ನಾಯಿ ಇರುವ ಮನೆ

ಇಲ್ಲಿಯವರೆಗೆ ಹೇಳಿದ ಒಂದು ಗಿಡವೂ ಇವರಿಗೆ ಆಗಿಬರುವುದಿಲ್ಲ. ಝೀಝೀ, ಮನಿ ಪ್ಲಾಂಟ್, ಫಿಲೋಡೆಂಡ್ರಾನ್, ಪೀಸ್ ಲಿಲಿ, ಅಗ್ಲೋನಿಮಾ ಎಲ್ಲವೂ ಒಂದೇ ಕುಟುಂಬ, ನಮ್ಮ ಕೆಸುವಿನ ಕುಟುಂಬ. ಕೆಸು ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತದಲ್ಲ, ಅದೇ ಕಾರಣ: ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಬೆಕ್ಕು ಎಲೆ ಕಚ್ಚಿದರೆ ಬಾಯಿ ಉರಿ, ಜೊಲ್ಲು, ಊತ, ವಾಂತಿ. ಪ್ರಾಣಕ್ಕೆ ಬರುವುದು ಅಪರೂಪ, ಆದರೂ ಹಿಂಸೆ ಹಿಂಸೆಯೇ. ಸ್ನೇಕ್ ಪ್ಲಾಂಟ್ ಬೇರೆ ಕುಟುಂಬ, ಅದರಲ್ಲಿರುವ ಸಪೋನಿನ್ ಕೂಡ ವಾಂತಿ ಭೇದಿ ಮಾಡಿಸುತ್ತದೆ. ತೆವಳುವ ಮಗು ಇರುವ ಮನೆಗೂ ಇದೇ ಎಚ್ಚರ. ಪೀಸ್ ಲಿಲಿ ಹೆಸರಿಗೆ ಮಾತ್ರ ಲಿಲಿ. ನಿಜವಾದ ಲಿಲಿ ಹೂ ಬೆಕ್ಕಿನ ಮೂತ್ರಪಿಂಡವನ್ನೇ ಕೆಡಿಸುತ್ತದೆ, ಅದು ಬೆಕ್ಕಿರುವ ಮನೆಯೊಳಗೇ ಬರಬಾರದು.

ಹಾಗಾದರೆ ಉಳಿದದ್ದು? ಆಸ್ಪಿಡಿಸ್ಟ್ರಾ ಮತ್ತು ಪಾರ್ಲರ್ ಪಾಮ್. ಎರಡೂ ಸಾಕುಪ್ರಾಣಿಗಳಿಗೆ ವಿಷವಲ್ಲ.

ಈ ಬರಹದ ಗಿಡಗಳಲ್ಲೆಲ್ಲ ನನಗೆ ಹೆಚ್ಚು ಗೌರವ ಇರುವುದು ಆಸ್ಪಿಡಿಸ್ಟ್ರಾ ಮೇಲೆ. ಜಪಾನಿನ ದಕ್ಷಿಣದ ದ್ವೀಪಗಳಲ್ಲಿ ಮರಗಳ ಬುಡದ ನೆರಳಲ್ಲಿ ಬೆಳೆಯುವ ಗಿಡ ಇದು. 19ನೇ ಶತಮಾನದ ಇಂಗ್ಲೆಂಡಿನಲ್ಲಿ, ಗ್ಯಾಸ್ ದೀಪದ ಹೊಗೆ ತುಂಬಿದ, ಪರದೆ ಎಳೆದ ಕೋಣೆಗಳಲ್ಲಿ ಬೇರೆ ಗಿಡಗಳು ಸಾಯುತ್ತಿದ್ದರೆ ಇದು ಬದುಕಿ ತೋರಿಸಿತು. ಇಂಗ್ಲಿಷಿನಲ್ಲಿ ಇದಕ್ಕೆ ಎರಕದ ಕಬ್ಬಿಣದ ಗಿಡ ಅಂತಲೇ ಹೆಸರು. ಅಗಲವಾದ ಕಡುಹಸಿರು ಎಲೆಗಳು ನೆಲದಿಂದಲೇ ಒಂದೊಂದಾಗಿ ಏಳುತ್ತವೆ. ಮಬ್ಬು ಬೆಳಕು, ಧೂಳು, ನೀರು ಮರೆಯುವುದು, ಚಳಿ, ಯಾವುದಕ್ಕೂ ಜಗ್ಗುವುದಿಲ್ಲ. ಆಗದಿರುವುದು ನೇರ ಬಿಸಿಲು, ಎಲೆ ಸುಟ್ಟು ಬಿಳಿಚಿಕೊಳ್ಳುತ್ತದೆ. ಕುಂಡ ಬದಲಿಸುವುದೂ ಅದಕ್ಕೆ ಹಿಡಿಸದು, ನಾಲ್ಕೈದು ವರ್ಷ ಅದರ ಪಾಡಿಗೆ ಬಿಡಿ. ಹೂ ಬಿಟ್ಟರೆ ನಿಮಗೆ ಗೊತ್ತೇ ಆಗದಿರಬಹುದು. ನೇರಳೆ ಬಣ್ಣದ ಸಣ್ಣ ಹೂ ಮಣ್ಣಿಗೆ ಅಂಟಿಕೊಂಡಿರುತ್ತದೆ.

ಕೊರತೆ ಒಂದೇ, ವಿಪರೀತ ನಿಧಾನ. ವರ್ಷಕ್ಕೆ ಬೆರಳೆಣಿಕೆಯ ಎಲೆ. ಅದಕ್ಕೇ ಬೆಳೆದು ಮಾರುವವರಿಗೆ ಲಾಭವಿಲ್ಲ, ಸಿಗುವುದೂ ಕಡಿಮೆ, ಸಿಕ್ಕರೆ ದುಬಾರಿ. ಗಿಡ ಚಿಕ್ಕದು ತಂದು ದೊಡ್ಡದಾಗಲಿ ಅಂತ ಕಾಯಬೇಡಿ. ಬೇಕಾದ ಗಾತ್ರದ್ದನ್ನೇ ತನ್ನಿ.

ಪಾರ್ಲರ್ ಪಾಮ್ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಕಾಡಿನದು. ತೆಂಗಿನ ಗರಿಯನ್ನು ಚಿಕ್ಕದು ಮಾಡಿದ ಹಾಗೆ ನಾಜೂಕು. ಇದರ ಜೊತೆಗೆ ಅರೆಕಾ ಪಾಮ್ ಇಟ್ಟು ಮಾರುತ್ತಾರೆ. ಎಳೆಯದರಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅರೆಕಾದ ಕಾಂಡ ಮತ್ತು ಗರಿಯ ದಿಂಡಿನಲ್ಲಿ ಹಳದಿ ಛಾಯೆ ಇರುತ್ತದೆ. ಅದಕ್ಕೆ ಒಳ್ಳೆಯ ಬೆಳಕು ಬೇಕು, ಮೂಲೆಯಲ್ಲಿಟ್ಟರೆ ಒಂದೊಂದೇ ಗರಿ ಒಣಗಿಸಿಕೊಳ್ಳುತ್ತದೆ. ಪಾರ್ಲರ್ ಪಾಮಿನ ತುದಿ ಕತ್ತರಿಸಬೇಡಿ, ಒಂದು ಕಾಂಡಕ್ಕೆ ಒಂದೇ ಸುಳಿ, ಅದು ಹೋದರೆ ಆ ಕಾಂಡ ಸತ್ತ ಹಾಗೆ. ಒಣ ಹವೆಯಲ್ಲಿ ಗರಿಯ ಕೆಳಗೆ ಸಣ್ಣ ಜೇಡರ ಬಲೆಯ ಥರ ಕಂಡರೆ ಅದು ನುಸಿ. ಗಿಡವನ್ನು ನಲ್ಲಿಯ ಕೆಳಗಿಟ್ಟು ಗರಿಯ ಅಡಿಭಾಗವನ್ನು ಚೆನ್ನಾಗಿ ತೊಳೆಯಿರಿ, ವಾರಕ್ಕೊಂದು ಸಲ ಹೀಗೆ ಮೂರು ನಾಲ್ಕು ವಾರ. ಈ ಕೆಲಸಕ್ಕೆ ಬೇಸರವಿದ್ದರೆ ಆಸ್ಪಿಡಿಸ್ಟ್ರಾ ಹುಡುಕಿ.

ಮೂಲೆಗೆ ತರಬಾರದವು

ಕ್ರೋಟನ್, ಜೇಡ್, ಕಳ್ಳಿ ಜಾತಿಯವು, ದೊಡ್ಡ ಪಿಟೀಲಿನಂಥ ಎಲೆಯ ಫೈಕಸ್. ಇವೆಲ್ಲ ಬೆಳಕಿನ ಹಸಿವಿನವು. ಬಾಸ್ಟನ್ ಫರ್ನ್ ನೆರಳಿನದೇ ಆದರೂ ಗಾಳಿಯಲ್ಲಿ ತೇವ ಕೇಳುತ್ತದೆ, ಒಣ ಕೋಣೆಯಲ್ಲಿ ದಿನಾ ಎಲೆ ಗುಡಿಸುವ ಕೆಲಸ ಕೊಡುತ್ತದೆ. ಲಕ್ಕಿ ಬ್ಯಾಂಬೂ ಬಿದಿರಲ್ಲ, ಆಫ್ರಿಕಾದ ಡ್ರಸೀನಾ. ನೀರಲ್ಲೇ ಒಂದೆರಡು ವರ್ಷ ಮೇಜಿನ ಮೇಲೆ ಇರುತ್ತದೆ, ತರುವುದಾದರೆ ತನ್ನಿ, ನೀರು ಮಾತ್ರ ಆಗಾಗ ಬದಲಿಸಿ.

ಗಿಡ ಬಂದ ಮೇಲೆ ಮೊದಲ ತಿಂಗಳು ನಾಲ್ಕಾರು ಎಲೆ ಉದುರಬಹುದು. ಒಳ್ಳೆಯ ಬೆಳಕಿನಲ್ಲಿ ಬೆಳೆದ ಗಿಡ ಹೊಸ ಜಾಗದ ಆದಾಯಕ್ಕೆ ತಕ್ಕಂತೆ ಖರ್ಚು ಇಳಿಸುತ್ತಿದೆ ಅಷ್ಟೆ. ಆಗ ಗಾಬರಿಯಾಗಿ ಗೊಬ್ಬರ ಸುರಿಯಬೇಡಿ, ದೊಡ್ಡ ಕುಂಡಕ್ಕೆ ಹಾಕಬೇಡಿ. ಕುಂಡ ದೊಡ್ಡದಾದಷ್ಟೂ ಒದ್ದೆ ಮಣ್ಣು ಜಾಸ್ತಿ. ಎರಡು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ಧೂಳು ಒರೆಸಿ. ಬರುವ ಚೂರು ಬೆಳಕನ್ನೂ ಧೂಳು ತಿನ್ನಬಾರದು.

ಮೂಲೆ ತೀರಾ ಕತ್ತಲೆ, ಆದರೂ ಅಲ್ಲೇ ಗಿಡ ಬೇಕು ಅಂದರೆ ಎರಡು ದಾರಿ ಇವೆ. ಒಂದು, ಗಿಡದಿಂದ ಒಂದೂವರೆ ಅಡಿ ಮೇಲೆ ಸಾಮಾನ್ಯ ಬಿಳಿ ಎಲ್‌ಇಡಿ ಬಲ್ಬ್ ಹಾಕಿ, ದಿನಕ್ಕೆ 12 ಗಂಟೆ ಉರಿಸಿ. ನೇರಳೆ ಬೆಳಕಿನ ವಿಶೇಷ ದೀಪವೇ ಬೇಕೆಂದಿಲ್ಲ. ಇನ್ನೊಂದು ದಾರಿಗೆ ದೀಪ ಬೇಕಿಲ್ಲ. ಒಂದೇ ಥರದ ಎರಡು ಗಿಡ ತನ್ನಿ, ಒಂದು ಮೂಲೆಗೆ, ಒಂದು ಕಿಟಕಿಗೆ. ಎರಡು ವಾರಕ್ಕೊಮ್ಮೆ ಜಾಗ ಅದಲುಬದಲು ಮಾಡಿ. ನೇರ ಬಿಸಿಲು ಬೀಳುವ ಕಿಟಕಿಯಾದರೆ ಮಾತ್ರ ಬೇಡ, ಮಬ್ಬಿನಿಂದ ಬಂದ ಎಲೆ ಒಂದೇ ಮಧ್ಯಾಹ್ನಕ್ಕೆ ಸುಟ್ಟುಹೋಗುತ್ತದೆ. ನಮ್ಮ ಮನೆಯಲ್ಲಿ ಎರಡು ಅಗ್ಲೋನಿಮಾಗಳು ಹೀಗೇ ಸರದಿ ಮಾಡುತ್ತಿವೆ. ಕಿಟಕಿಗೆ ಹೋದದ್ದು ಪ್ರತಿ ಸಲ ಅತ್ತ ಕಡೆ ಸ್ವಲ್ಪ ವಾಲುತ್ತದೆ, ಮತ್ತೆ ಮೂಲೆಗೆ ತರುವಾಗ ನಾನು ಕುಂಡವನ್ನು ಅರ್ಧ ಸುತ್ತು ತಿರುಗಿಸಿ ಇಡುತ್ತೇನೆ.